ನೆರೆಮನೆಯ ಬೆಳಕು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯು ಈ ಎರಡು ಕಾರ್ಯಗಳ ಕಷ್ಟವನ್ನು ಒಟ್ಟಿಗೆ ಹೇಳುತ್ತದೆ. ಆದರೆ ಮನೆ ಕಟ್ಟುವವನ ಕಷ್ಟವನ್ನು ಬಲ್ಲ ಜನರು, ಕಟ್ಟಿದ ಮನೆಯಿಂದ ಪಕ್ಕದವನಿಗೆ ಒದಗಬಹುದಾದ ಕಷ್ಟವನ್ನು ಅಷ್ಟಾಗಿ ಎಣಿಸುವುದಿಲ್ಲ. ನಿವೇಶನ ತನ್ನದು, ಹಣ ತನ್ನದು. ಹೀಗಿರುವಾಗ ಕೇಳಲು ಇತರರು ಯಾರು ಎಂಬ ಭಾವನೆ ಸಹಜವೇ. ಆದರೆ ಗೋಡೆಯು ತನ್ನ ನಿವೇಶನದಲ್ಲಿಯೇ ನಿಂತರೂ ಅದರ ನೆರಳು ಬೇಲಿಯನ್ನು ದಾಟಿ ಹೋಗುತ್ತದೆ. ಮಾಳಿಗೆಯ ಮೇಲೆ ಮಾಳಿಗೆ ಎದ್ದಾಗ ನೆರೆಮನೆಯ ಅಡುಗೆಮನೆಯಲ್ಲಿ ಹಗಲಿನಲ್ಲಿಯೇ ದೀಪ ಹಚ್ಚಬೇಕಾಗಬಹುದು. ಸೂರಿನ ನೀರು ಪಕ್ಕದ ಅಂಗಳಕ್ಕೆ ಸುರಿಯಬಹುದು. ವಾಸದ ಮನೆಯು ಕಾರ್ಖಾನೆಯಾಗಿ ಮಾರ್ಪಟ್ಟರೆ ಇಡೀ ಬೀದಿಯ ನೆಮ್ಮದಿ ಕದಡಬಹುದು. ಆದುದರಿಂದ ಮನೆ ಕಟ್ಟುವುದು ಒಬ್ಬನ ಕಾರ್ಯವಾದರೂ ಅದು ಊರಿಗೂ ಸಂಬಂಧಿಸಿದ ವಿಷಯವಾಗಿದೆ.

ಈ ಸತ್ಯವನ್ನು ನಮ್ಮ ನಗರಗಳು ಕಹಿ ಅನುಭವದಿಂದ ಕಲಿತವು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಗಾಳಿ ಬೆಳಕುಗಳಿಲ್ಲದ ಕಿಕ್ಕಿರಿದ ಕೇರಿಗಳಲ್ಲಿ ವಾಸಿಸುವುದರ ಅಪಾಯವು ಎಲ್ಲರ ಕಣ್ಣಿಗೂ ಕಂಡಿತು. ಆ ದಶಕದಲ್ಲಿ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಲ್ಲಿ ನೇರವಾದ ರಸ್ತೆಗಳಿಗೂ ಮನೆಗಳ ಹಿಂಬದಿಯ ಓಣಿಗಳಿಗೂ ಮೊದಲೇ ಸ್ಥಳವನ್ನು ಗುರುತಿಸಿದರು. ನಿವೇಶನದ ಸುತ್ತ ಇಂತಿಷ್ಟು ಜಾಗವನ್ನು ತೆರವಾಗಿ ಬಿಡಬೇಕು, ಕಟ್ಟಡವು ಇಂತಿಷ್ಟು ಎತ್ತರವನ್ನು ಮೀರಬಾರದು ಎಂಬ ಇಂದಿನ ನಿಯಮಗಳ ಹಿಂದಿರುವುದೂ ಇದೇ ಉದ್ದೇಶ.

ಪಟ್ಟಣದಲ್ಲಿ ಮನೆ ಕಟ್ಟುವವನು ನಕ್ಷೆಯನ್ನು ಸಲ್ಲಿಸಿ ಸ್ಥಳೀಯ ಸಂಸ್ಥೆಯಿಂದ ಪರವಾನಗಿಯನ್ನು ಪಡೆಯಬೇಕು. ಯಾವ ಭಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ ಎಂಬುದನ್ನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಸಿದ್ಧವಾದ ಯೋಜನೆಯು ಗೊತ್ತುಪಡಿಸುತ್ತದೆ. ಈ ಕಾಯಿದೆಯಂತೆ ಭೂಮಿಯ ಉಪಯೋಗವನ್ನು ಬದಲಿಸಬೇಕಾದರೆ ಆ ಸೂಚನೆಯನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗಳಿಗಾಗಿ ಕನಿಷ್ಠ 15 ದಿನಗಳ ಅವಕಾಶವನ್ನು ಸಾರ್ವಜನಿಕರಿಗೆ ಕೊಡಬೇಕು. ಇದಲ್ಲದೆ 1882ರ ಅನುಭೋಗದ ಹಕ್ಕುಗಳ ಕಾಯಿದೆಯು, 20 ವರ್ಷಗಳ ಕಾಲ ಶಾಂತವಾಗಿ, ಎಡೆಬಿಡದೆ ಒಂದು ಕಟ್ಟಡಕ್ಕೆ ಬರುತ್ತಿರುವ ಗಾಳಿ ಬೆಳಕುಗಳನ್ನು ಹಕ್ಕಾಗಿ ಪಡೆಯಲು ಅವಕಾಶವನ್ನು ಕೊಟ್ಟಿದೆ.

ಆದರೆ ಅನುಮತಿ ನೀಡಬೇಕಾದ ಸಂಸ್ಥೆಯೇ ನಿಯಮವನ್ನು ಮೀರಿದರೆ ನೆರೆಯವನ ಗತಿಯೇನು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಉಡುಪಿಯ ಒಂದು ಪ್ರಕರಣದಲ್ಲಿ. ಅಲ್ಲಿ ವಾಸದ ಮನೆಗಳ ಪ್ರದೇಶದಲ್ಲಿ ಕಲ್ಯಾಣಮಂಟಪ ಹಾಗೂ ಉಪನ್ಯಾಸ ಮಂದಿರವನ್ನು ಕಟ್ಟಲು ಒಬ್ಬರು ಪರವಾನಗಿ ಪಡೆದಿದ್ದರು. ಅನಂತರ ಅದನ್ನು ಚಲನಚಿತ್ರ ಮಂದಿರವನ್ನಾಗಿ ಮಾರ್ಪಡಿಸುವ ನಕ್ಷೆಯನ್ನು ಸಲ್ಲಿಸಿದರು. ಪುರಸಭೆಯು ನಿರ್ಣಯದ ಮೂಲಕ ಅದಕ್ಕೂ ಒಪ್ಪಿಗೆಯಿತ್ತಿತು. ಅದೇ ಪ್ರದೇಶದ ನಿವಾಸಿಯೊಬ್ಬರು ಇದು ನಗರ ಯೋಜನೆಗೆ ವಿರುದ್ಧವೆಂದು ಆಕ್ಷೇಪಿಸಿ ನ್ಯಾಯಾಲಯದ ಮೆಟ್ಟಿಲೇರಿದರು.

ನ್ಯಾಯಾಲಯದ ಮುಂದಿದ್ದ ಸಮಸ್ಯೆ ಸುಲಭವಾದುದಾಗಿರಲಿಲ್ಲ. ಒಂದು ಕಡೆ ನೆರೆಹೊರೆಯವರ ನೆಮ್ಮದಿ. ಇನ್ನೊಂದು ಕಡೆ ಪುರಸಭೆಯ ಒಪ್ಪಿಗೆಯನ್ನು ಕೈಯಲ್ಲಿ ಹಿಡಿದು ಕಟ್ಟಡಕ್ಕೆ ಕೈಹಾಕಿದ ಮಾಲೀಕ. ನಿರ್ಣಯವು ಯೋಜನೆಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯಕ್ಕೆ ಕಂಡಿತು. ಆದರೂ ಮಾಲೀಕನು ಹಣ ವೆಚ್ಚಮಾಡಿರಬಹುದೆಂಬ ಕಾರಣದಿಂದ ಅದನ್ನು ರದ್ದುಗೊಳಿಸಲಿಲ್ಲ. 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಲುವನ್ನು ಒಪ್ಪಲಿಲ್ಲ. ತನ್ನ ನೆಲದಲ್ಲಿ ಕಟ್ಟುವ ಹಕ್ಕು ಒಡೆತನದೊಂದಿಗೆ ಬಂದುದೇ ಆದರೂ, ಊರಿನ ಒಳಿತಿಗಾಗಿ ಅದಕ್ಕೆ ಕಟ್ಟುಪಾಡುಗಳಿವೆ; ಅಕ್ರಮ ಕಟ್ಟಡದಿಂದ ವಾಸದ ಪ್ರದೇಶವು ಕೆಡದಂತೆ ನೋಡಿಕೊಳ್ಳುವುದು ಪುರಸಭೆಯ ಕರ್ತವ್ಯ; ಕಾನೂನು ಕೊಡದ ಅಧಿಕಾರವನ್ನು ಅದು ಚಲಾಯಿಸಿದರೆ, ಹಣ ವೆಚ್ಚವಾದ ಮಾತ್ರಕ್ಕೆ ಆ ತಪ್ಪು ಸರಿಯಾಗದು ಎಂಬುದು ಆ ತೀರ್ಪಿನ ಸಾರ. ತನ್ನ ವಾಸದ ನೆಮ್ಮದಿಗೆ ಧಕ್ಕೆ ಬಂದಾಗ ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗೆ ಇದೆಯೆಂಬುದನ್ನೂ ಅದು ಎತ್ತಿಹಿಡಿಯಿತು. ಹೀಗೆ ಕರಾವಳಿಯ ಒಂದು ಬೀದಿಯ ತಕರಾರು ಇಡೀ ದೇಶಕ್ಕೆ ಅನ್ವಯಿಸುವ ತತ್ತ್ವವಾಯಿತು.

ಹೀಗೆಂದ ಮಾತ್ರಕ್ಕೆ ಎಲ್ಲ ಆಕ್ಷೇಪಣೆಗಳೂ ನ್ಯಾಯವಾದುವೆಂದು ಭಾವಿಸಬಾರದು. ನೆರೆಯವನ ಮನೆ ತನ್ನ ಮನೆಗಿಂತ ಎತ್ತರವಾಗುವುದನ್ನು ಸಹಿಸಲಾರದ ಅಸೂಯೆಯು ಆಕ್ಷೇಪಣೆಯ ವೇಷವನ್ನು ತೊಟ್ಟು ಬರುವುದುಂಟು. ಕುಟುಂಬವು ಬೆಳೆದಾಗ ಮನೆಯನ್ನೂ ಬೆಳೆಸಬೇಕಾಗುತ್ತದೆ. ಮಗನ ಮದುವೆಗೆ ಮುನ್ನ ಒಂದು ಕೋಣೆಯನ್ನು ಹೆಚ್ಚಿಸಿಕೊಳ್ಳುವವನು ಯಾರಿಗೂ ದ್ರೋಹ ಬಗೆಯುವುದಿಲ್ಲ. ಬೆಳಕು ಅಲ್ಪಸ್ವಲ್ಪ ಕುಗ್ಗಿತೆಂದ ಮಾತ್ರಕ್ಕೆ ಕಾನೂನು ಕೈಹಿಡಿಯುವುದಿಲ್ಲ. ನಿಜವಾದ ಹಾನಿಯನ್ನು ತೋರಿಸಬೇಕು. ಆಕ್ಷೇಪಣೆಯು ನಕ್ಷೆ, ಅಳತೆ, ನಿಯಮಗಳನ್ನು ಆಧರಿಸಿರಬೇಕೇ ಹೊರತು ವ್ಯಕ್ತಿದ್ವೇಷವನ್ನಲ್ಲ. ಅದು ಸಕಾಲದಲ್ಲಿ ಬರುವುದೂ ಮುಖ್ಯ. ತಳಪಾಯ ತೋಡುವಾಗ ಆಡಿದ ಒಂದು ಮಾತು ಎರಡು ಮನೆಗಳನ್ನೂ ಉಳಿಸಬಹುದು. ತಾರಸಿ ಹಾಕಿದ ಮೇಲೆ ಆಡಿದ ಮಾತಿನಿಂದ ಇಬ್ಬರಿಗೂ ನಷ್ಟವೇ ಹೆಚ್ಚು.

ಮನೆ ಕಟ್ಟುವವನು ನಕ್ಷೆಯನ್ನು ಕಚೇರಿಗೆ ಒಯ್ಯುವ ಮುನ್ನ ಪಕ್ಕದ ಮನೆಯವರಿಗೊಮ್ಮೆ ತೋರಿಸಿದರೆ ಅವನ ಗೌರವವೇನೂ ಕುಂದುವುದಿಲ್ಲ. ಕಾನೂನು ಎರಡು ಗೋಡೆಗಳ ನಡುವಣ ಅಂತರವನ್ನು ಅಳೆಯಬಲ್ಲುದು. ಎರಡು ಮನೆಗಳ ನಡುವಣ ವಿಶ್ವಾಸವನ್ನು ಅಲ್ಲಿ ವಾಸಿಸುವವರೇ ಬೆಳೆಸಿಕೊಳ್ಳಬೇಕು. ತನ್ನ ಕಿಟಕಿಯನ್ನು ಇಡುವಾಗ ನೆರೆಯವನ ಕಿಟಕಿಯನ್ನೂ ನೆನೆಯುವವನೇ ಒಳ್ಳೆಯ ನಾಗರಿಕ.