ಪವಿತ್ರಾತ್ಮರ ಹಬ್ಬ: ಕಲಿತದ್ದನ್ನು ಹಂಚಿಕೊಳ್ಳೋಣ



ಪವಿತ್ರಾತ್ಮರು ಇಳಿದು ಬಂದ ದಿನ ಜೆರುಸಲೇಮಿನಲ್ಲಿ ನಡೆದ ಅದ್ಭುತವನ್ನು ನಾವು ಪ್ರತಿ ವರ್ಷ ಆಲಿಸುತ್ತೇವೆ. ಪ್ರೇಷಿತರು ಮಾತನಾಡಿದಾಗ ನಾನಾ ನಾಡುಗಳಿಂದ ಬಂದವರು ಅದನ್ನು ತಂತಮ್ಮ ಭಾಷೆಯಲ್ಲೇ ಕೇಳಿದರು. ಕೇಳುವವರು ಬೇರೆ ಭಾಷೆ ಕಲಿಯಬೇಕಾಗಲಿಲ್ಲ. ಶುಭಸಂದೇಶವೇ ಅವರ ಭಾಷೆಗೆ ಇಳಿದು ಬಂದಿತು. ಈ ಹಬ್ಬದ ಬೆಳಕಿನಲ್ಲಿ ಒಂದು ದಿನನಿತ್ಯದ ವಿಷಯವನ್ನು ಚಿಂತಿಸೋಣ. ಜನಸೇವೆಯ ಸಂಸ್ಥೆಗಳಲ್ಲಿ ದುಡಿಯುವ ನಮ್ಮ ಕಾರ್ಯಕರ್ತರು ಕಂಪ್ಯೂಟರ್, ಮೊಬೈಲ್ ಕೆಲಸವನ್ನು ಯಾರಿಂದ, ಹೇಗೆ ಕಲಿಯಬೇಕು?

ಇದು ಬಡವರಿಗೆ ಸಂಬಂಧಿಸಿದ ಪ್ರಶ್ನೆ. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಸೇರಿಸಲು 2015ರಲ್ಲಿ ಅದೇ ನಬಾರ್ಡ್ 'ಇ-ಶಕ್ತಿ' ಯೋಜನೆಯನ್ನು ತಂದಿತು. ಹೀಗೆ ಲೆಕ್ಕ ಪುಸ್ತಕದಿಂದ ಪರದೆಗೆ ಬಂದಾಗ, ಅದನ್ನು ತುಂಬಿಸಲು ಬಲ್ಲವರು ಒಬ್ಬರೇ ಇದ್ದರೆ ಏನಾಗುತ್ತದೆ? ಅವರು ಮದುವೆಯಾಗಿ ಬೇರೆ ಊರಿಗೆ ಹೋದರೆ ಅಥವಾ ಕಾಯಿಲೆ ಬಿದ್ದರೆ ಲೆಕ್ಕ ನಿಲ್ಲುತ್ತದೆ. ಮಕ್ಕಳ ಶಾಲಾ ಶುಲ್ಕಕ್ಕೆಂದು ಸಾಲ ಕೇಳಿದ ತಾಯಿ ಕಾಯುತ್ತಾ ಕೂರಬೇಕಾಗುತ್ತದೆ.

ತರಬೇತಿ ಏರ್ಪಡಿಸಿದರೆ ಸಾಕಲ್ಲವೇ ಎನ್ನಬಹುದು. ತರಬೇತಿ ಬೇಕು, ಆದರೆ ಒಂದು ದಿನದ ತರಬೇತಿ ಸಾಲದು. ಪಟ್ಟಣದಲ್ಲಿ ಕೇಳಿದ ಪಾಠ, ಹಳ್ಳಿಗೆ ಮರಳಿ ಒಬ್ಬರೇ ಯಂತ್ರದ ಮುಂದೆ ಕುಳಿತಾಗ ಮರೆತುಹೋಗುತ್ತದೆ. ಆಗ ಬೇಕಾಗುವುದು ಪಕ್ಕದಲ್ಲಿ ಕುಳಿತು ತೋರಿಸುವ ಜೊತೆಗಾರರು. ಇದು ನಮಗೆ ಹೊಸದಲ್ಲ. ಹೆಗಡೆಕಟ್ಟಾದ ಸುತ್ತಮುತ್ತ ಅಡಿಕೆ ಸುಲಿಯುವುದನ್ನು ಯಾರೂ ತರಗತಿಯಲ್ಲಿ ಕಲಿಯುವುದಿಲ್ಲ. ಬಲ್ಲವರ ಪಕ್ಕದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಕುಳಿತು, ನೋಡಿ, ತಪ್ಪಿ, ತಿದ್ದಿಕೊಂಡು ಕಲಿಯುತ್ತಾರೆ.

ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದಲ್ಲಿ ಇದೇ ರೀತಿಯ ಪಾಠವಿದೆ. ಅಪೊಲ್ಲೋಸ್ ಪವಿತ್ರ ಗ್ರಂಥವನ್ನು ಬಲ್ಲ ವಿದ್ವಾಂಸ, ಒಳ್ಳೆಯ ವಾಗ್ಮಿ. ಆದರೂ ಅವನ ತಿಳಿವಳಿಕೆಯಲ್ಲಿ ಒಂದು ಕೊರತೆ ಇತ್ತು. ಪ್ರಿಸಿಲ್ಲ ಮತ್ತು ಅಕ್ವಿಲ ಎಂಬ ದಂಪತಿಗಳು ಗುಡಾರ ಮಾಡುವ ಕೆಲಸದವರು. ಅವರು ಅವನನ್ನು ಎಲ್ಲರೆದುರು ಹೀಯಾಳಿಸಲಿಲ್ಲ; ತಮ್ಮೊಡನೆ ಕರೆದುಕೊಂಡು ಹೋಗಿ ಸರಿಯಾಗಿ ವಿವರಿಸಿದರು. ಅವನೂ ಗುಡಾರ ಮಾಡುವವರಿಂದ ಕಲಿಯಲು ಹಿಂಜರಿಯಲಿಲ್ಲ. ಕಲಿಸುವವರಿಗೆ ಸೌಜನ್ಯ, ಕಲಿಯುವವರಿಗೆ ವಿನಯ - ಇವೆರಡೂ ಪವಿತ್ರಾತ್ಮರ ವರಗಳೇ.

ನಮ್ಮ ನಾಡಿನಲ್ಲೂ ಇದಕ್ಕೆ ನಿದರ್ಶನವಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 2003ರ ಹೊತ್ತಿಗೆ 'ನಮ್ಮ ಧ್ವನಿ' ಎಂಬ ಸಮುದಾಯ ಮಾಧ್ಯಮ ಕೇಂದ್ರವನ್ನು ಕಟ್ಟಿದವು. ಆಗ ಸರ್ಕಾರೇತರ ಸಂಸ್ಥೆಗಳಿಗೆ ಬಾನುಲಿ ಕೇಂದ್ರ ನಡೆಸಲು ಅನುಮತಿ ಇರಲಿಲ್ಲ. ಅದು ದೊರೆತದ್ದು 2006ರಲ್ಲಿ. ಆದ್ದರಿಂದ ಕಾರ್ಯಕ್ರಮಗಳು ಕೇಬಲ್ ಮೂಲಕ ಮನೆಗಳನ್ನು ತಲುಪಿದವು. ಸ್ವಸಹಾಯ ಸಂಘಗಳ ಮಹಿಳೆಯರೂ ಹಳ್ಳಿಯ ಯುವಜನರೂ ಧ್ವನಿಮುದ್ರಣ ಕಲಿತು, ತಮ್ಮ ಊರಿನ ವಿಷಯವನ್ನು ತಮ್ಮ ಮಾತಿನಲ್ಲೇ ಹೇಳಿದರು.

ಹಾಗಾದರೆ ನಮ್ಮ ಧರ್ಮಕೇಂದ್ರಗಳಲ್ಲಿ, ಸೇವಾ ಕೇಂದ್ರಗಳಲ್ಲಿ ನಾವು ಏನು ಮಾಡಬಹುದು?

ಮೊದಲನೆಯದಾಗಿ, ಪ್ರಭು ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದಂತೆ, ಪ್ರತಿಯೊಂದು ಕೆಲಸವನ್ನೂ ಇಬ್ಬರಿಗೆ ಕಲಿಸೋಣ. ಎರಡನೆಯದಾಗಿ, ಮೌಸ್ ಕಲಿಯುವವರ ಕೈಯಲ್ಲೇ ಇರಲಿ. ಕಲಿಸುವವರು ಬೇಸತ್ತು ತಾವೇ ಮಾಡಿ ಮುಗಿಸಿದರೆ ಕೆಲಸವಾಗುತ್ತದೆ, ಕಲಿಕೆಯಾಗುವುದಿಲ್ಲ. ಮೂರನೆಯದಾಗಿ, ಮಾಡಿದ ಹಂತಗಳನ್ನು ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಮುಂದೆ ಬರುವವರಿಗೆ ಅದೇ ಗುರು. ನಾಲ್ಕನೆಯದಾಗಿ, ಕನ್ನಡ ಪತ್ರಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡೋಣ. ಹಳೆಯ ಫಾಂಟುಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ಇರುವುದರಿಂದ ಆ ತೊಂದರೆ ಇಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಬಡವರು ನಂಬಿ ಕೊಟ್ಟ ಆಧಾರ್ ಸಂಖ್ಯೆ, ಪಾಸ್‌ಬುಕ್ಕಿನ ಫೋಟೋಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹಾಕುವುದು ಬೇಡ. ಒಟಿಪಿಯನ್ನು ಯಾರೂ ಕೇಳಬಾರದು, ಯಾರಿಗೂ ಹೇಳಬಾರದು. ಇದನ್ನೂ ಮೊದಲ ದಿನವೇ ಕಲಿಸಬೇಕು, ಏಕೆಂದರೆ ನೆರೆಯವರ ಗುಟ್ಟನ್ನು ಕಾಯುವುದು ಪ್ರೀತಿಯ ಆಜ್ಞೆಯ ಭಾಗ.

ಪ್ರಿಯರೇ, ನಮ್ಮ ಮನೆಗಳಲ್ಲೂ ಕಲಿತ ಮಕ್ಕಳಿದ್ದಾರೆ. ಫೋನ್ ಹಿಡಿದು ತಡವರಿಸುವ ಅಜ್ಜಿಗೆ ಅವರು ತಾಳ್ಮೆಯಿಂದ ಎರಡನೆಯ ಸಲ, ಮೂರನೆಯ ಸಲ ಹೇಳಿಕೊಡಲಿ. ಅವರ ಬಿಡುವಿನ ಒಂದು ಗಂಟೆ ಸಂಘದ ಲೆಕ್ಕ ಬರೆಯುವ ಅಕ್ಕನಿಗೂ ಸಿಗಲಿ. ಪವಿತ್ರಾತ್ಮರ ವರಗಳು ಸರ್ವರ ಹಿತಕ್ಕಾಗಿ ಕೊಡಲ್ಪಟ್ಟವು ಎಂದು ಸಂತ ಪೌಲರು ಕಲಿಸುತ್ತಾರೆ. ಕಲಿತದ್ದನ್ನು ಬಚ್ಚಿಡದೆ ಹಂಚಿಕೊಳ್ಳುವ ಉದಾರ ಮನಸ್ಸನ್ನು ಆ ಪವಿತ್ರಾತ್ಮರು ನಮ್ಮೆಲ್ಲರಿಗೂ ಅನುಗ್ರಹಿಸಲಿ.