ಮುಗ್ಗಟ್ಟಿನ ಕಾಲದ ಷೇರು ಸಂಬಂಧಗಳು: ಸುಜುಕಿಯ ನಿದರ್ಶನ

ಬೃಹತ್ ಕಂಪನಿಗಳು ಒಂದು ಮತ್ತೊಂದರ ಷೇರುಗಳನ್ನು ಹೊಂದುವುದು ಕೇವಲ ಲಾಭಾಂಶದ ಅಪೇಕ್ಷೆಯಿಂದಲ್ಲ. ತಂತ್ರಜ್ಞಾನ ಹಾಗೂ ಮಾರುಕಟ್ಟೆಯ ಸಹಕಾರಕ್ಕೆ ಅದೊಂದು ಭರವಸೆ. ಆದರೆ ಮುಗ್ಗಟ್ಟು ಎದುರಾದಾಗ, ಕಷ್ಟಕಾಲದಲ್ಲಿ ಮನೆಯ ಒಡವೆ ಹೊರಬೀಳುವಂತೆ, ಈ ಷೇರುಗಳೇ ಮೊದಲು ಮಾರಾಟಕ್ಕೆ ಬರುತ್ತವೆ. ಕಾರ್ಖಾನೆಯನ್ನು ಮಾರಲು ತಿಂಗಳುಗಳೇ ಬೇಕು. ಷೇರುಗಳಿಗೆ ಅಷ್ಟು ಕಾಲ ಬೇಕಿಲ್ಲ.

ಅಮೆರಿಕದ ಜನರಲ್ ಮೋಟಾರ್ಸ್ 1981ರಲ್ಲಿ ಜಪಾನಿನ ಸುಜುಕಿಯಲ್ಲಿ ಶೇ. 5ಕ್ಕೂ ಮಿಕ್ಕಿದ ಪಾಲು ಪಡೆದು, ಮುಂದೆ ಅದನ್ನು ಶೇ. 20ಕ್ಕೆ ಏರಿಸಿತ್ತು. ನಷ್ಟಕ್ಕೆ ಸಿಲುಕಿ 2006ರಲ್ಲಿ ಬಹುಭಾಗವನ್ನು ಮಾರಿತು. ಉಳಿದ ಶೇ. 3ನ್ನು 2008ರ ನವೆಂಬರಿನಲ್ಲಿ ಸುಜುಕಿಯೇ ಖರೀದಿಸಿತು. ಅದೇ ತಿಂಗಳು ಫೋರ್ಡ್ ಕಂಪನಿಯು ಮಾಜ್ದಾದಲ್ಲಿನ ತನ್ನ ಪಾಲನ್ನು ಶೇ. 33ರಿಂದ ಸುಮಾರು 13ಕ್ಕೆ ಇಳಿಸಿತು. ಇಬ್ಬರಿಗೂ ಬೇಕಾಗಿದ್ದುದು ನಗದು.

ತೆರವಾದ ಸ್ಥಾನಕ್ಕೆ ಜರ್ಮನಿಯ ಫೋಕ್ಸ್‌ವ್ಯಾಗನ್ ಬಂದಿತು. 2009ರ ಡಿಸೆಂಬರಿನ ಒಪ್ಪಂದದಂತೆ ಅದು 22,250 ಕೋಟಿ ಯೆನ್ ತೆತ್ತು ಶೇ. 19.9 ಪಾಲನ್ನು ಪಡೆಯಿತು. ಈ ಅಂಕಿಯನ್ನು ಓದುಗರು ಗಮನಿಸಬೇಕು. ಪಾಲು ಶೇ. 20 ಮುಟ್ಟಿದರೆ, ಹೂಡಿಕೆದಾರನಿಗೆ ಗಣನೀಯ ಪ್ರಭಾವವಿದೆಯೆಂದೇ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವು ಭಾವಿಸುತ್ತದೆ. ಆ ಗೆರೆಯ ಈಚೆ ನಿಂತಿದ್ದೇವೆಂಬುದು ಸುಜುಕಿಯ ನೆಮ್ಮದಿ. ಆದರೂ ಫೋಕ್ಸ್‌ವ್ಯಾಗನ್ ತನ್ನ ವಾರ್ಷಿಕ ವರದಿಯಲ್ಲಿ ಸುಜುಕಿಯನ್ನು ತನ್ನ ಪ್ರಭಾವಕ್ಕೊಳಪಟ್ಟ ಸಹವರ್ತಿ ಕಂಪನಿಯೆಂದು ಬಣ್ಣಿಸಿತು. ಸಮಾನ ಪಾಲುದಾರಿಕೆಯೆಂದು ನಂಬಿದ್ದ ಸುಜುಕಿಗೆ ಇದು ಸಹ್ಯವಾಗಲಿಲ್ಲ. ಇತ್ತ ಸುಜುಕಿಯು ಫಿಯೆಟ್‌ನಿಂದ ಡೀಸೆಲ್ ಎಂಜಿನ್ ಪಡೆದುದು ಒಪ್ಪಂದದ ಉಲ್ಲಂಘನೆಯೆಂದು ಜರ್ಮನ್ ಪಕ್ಷ ಆಕ್ಷೇಪಿಸಿತು. 2011ರಲ್ಲಿ ವಿವಾದವು ಅಂತರರಾಷ್ಟ್ರೀಯ ವಾಣಿಜ್ಯ ಮಂಡಲಿಯ ಪಂಚಾಯಿತಿ ನ್ಯಾಯಾಲಯವನ್ನು ಸೇರಿತು.

2015ರ ಆಗಸ್ಟಿನ ತೀರ್ಪು ಷೇರುಗಳನ್ನು ಸುಜುಕಿಗೆ ಮರಳಿಸುವಂತೆ ವಿಧಿಸಿತು. ಸುಜುಕಿ ತೆತ್ತ ಬೆಲೆ ಸುಮಾರು 46,000 ಕೋಟಿ ಯೆನ್, ಅಂದರೆ ಪಡೆದುದರ ಇಮ್ಮಡಿಗೂ ಹೆಚ್ಚು. ಮುಗ್ಗಟ್ಟಿನ ಆತುರದಲ್ಲಿ ಬೆಸೆದ ನಂಟನ್ನು ಬಿಡಿಸಿಕೊಳ್ಳುವುದು ಅಗ್ಗವಲ್ಲ.

ಮುಂದಿನ ಸಂಬಂಧದಲ್ಲಿ ಸುಜುಕಿ ಜಾಗರೂಕತೆ ವಹಿಸಿದಂತೆ ತೋರುತ್ತದೆ. 2019ರಲ್ಲಿ ಟೊಯೊಟಾಗೆ ಬಿಟ್ಟುಕೊಡಲು ಒಪ್ಪಿದ್ದು ಕೇವಲ ಶೇ. 4.9, ಪ್ರತಿಯಾಗಿ ತಾನೂ ಟೊಯೊಟಾದ ಷೇರುಗಳನ್ನು ಕೊಳ್ಳಲು ನಿಶ್ಚಯಿಸಿತು. ಪಾಲು ಕಿರಿದು, ಕೆಲಸ ಹಿರಿದು. 2022ರಲ್ಲಿ ಸುಜುಕಿ ರೂಪಿಸಿದ ಗ್ರ್ಯಾಂಡ್ ವಿಟಾರಾ ವಾಹನದ ಉತ್ಪಾದನೆಯು ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಆರಂಭವಾಯಿತು. ನಮ್ಮ ಬಿಡಿಭಾಗ ತಯಾರಕರು ಗ್ರಾಹಕ ಕಂಪನಿಯ ಖರೀದಿ ಆದೇಶದೊಂದಿಗೆ ಅದರ ಷೇರುದಾರರ ಪಟ್ಟಿಯನ್ನೂ ಆಗಾಗ್ಗೆ ಪರಿಶೀಲಿಸಬೇಕಾದುದು ಈ ಕಾರಣದಿಂದಲೇ.