ಸುತ್ತಿಗೆಯ ತುದಿಯ ದೀಪ

ರಾಗಿ ಕುಯ್ಲು ಹತ್ತಿರ ಬಂದಾಗ ಕುಲುಮೆಯ ಮುಂದೆ ಕೂತು ಕಾಯುವುದು ನಮ್ಮ ಕಡೆಯವರಿಗೆ ಹಳೆಯ ರೂಢಿ. ಕೆಲವು ವರ್ಷಗಳ ಹಿಂದೆ ದೊಡ್ಡಬೆಳವಂಗಲದಲ್ಲಿ ನಾನೂ ಹಾಗೆ ಎರಡು ಕುಡುಗೋಲು ಹಿಡಿದು ಕೂತಿದ್ದೆ. ನನಗಿಂತ ಮುಂಚೆ ಬಂದವರ ನೇಗಿಲ ಗುಳ ಬೆಂಕಿಯಲ್ಲಿತ್ತು. ವಯಸ್ಸಾದ ಆಚಾರ್ರು ಅದನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟರು. ಎದುರಿಗೆ ನಿಂತ ಹದಿನೇಳು ಹದಿನೆಂಟರ ಹುಡುಗ ಸಮ್ಮಟಿಗೆ ಎತ್ತಿ ಬಡಿಯತೊಡಗಿದ. ಭುಜ ಕಿವಿಯವರೆಗೆ ಏರಿತ್ತು, ಮೊಣಕೈ ಬಿಗಿದು ಕೋಲಾಗಿತ್ತು. ಸೊಂಟದಿಂದ ಮೇಲೆ ಮೈಯೆಲ್ಲ ಒಂದೇ ದಿಮ್ಮಿಯ ಹಾಗೆ ಬಾಗುತ್ತಿತ್ತು. ಹತ್ತು ಏಟಿಗೆಲ್ಲ ಏದುಸಿರು.

‘ಕೈ ಸಡ್ಲ ಬುಡೋ ಮಗ. ಸಮ್ಟಿಗೆ ತಾನೇ ಬೀಳ್ತೈತೆ, ನೀನ್ಯಾಕೆ ಅದುನ್ನ ತಳ್ತೀಯ?’ ಅಂದರು ಆಚಾರ್ರು.

ಆಮೇಲೆ ಅವರೇ ಕೈಸುತ್ತಿಗೆ ಹಿಡಿದು ಗುಳದ ಅಂಚು ತಟ್ಟಲು ಕೂತರು. ಬಹಳ ಕಾಲ ಮಕ್ಕಳಿಗೆ ಆಟ ಕಲಿಸಿದವನು ನಾನು, ಯಾರ ಕೈ ಆಡುತ್ತಿದ್ದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಅವರ ಮೊಣಕೈ ಒಮ್ಮೆ ಪಕ್ಕೆಗೆ ಅಂಟಿಕೊಂಡಿರುತ್ತಿತ್ತು, ಒಮ್ಮೆ ಹೊರಗೆ ಹರಡಿಕೊಳ್ಳುತ್ತಿತ್ತು. ಕಬ್ಬಿಣ ಕೆಂಡದಂತಿದ್ದಾಗ ಏಟು ಗಿಡ್ಡ, ಬಣ್ಣ ಕಪ್ಪಾಗುತ್ತ ಬಂದಂತೆ ಕೈ ಮೇಲೆ ಮೇಲೆ. ನಡುವೆ ಗಿರಾಕಿಯ ಕಡೆ ಅರ್ಧ ತಿರುಗಿ ಮಾತೂ ಆಡಿದರು. ಒಂದು ಏಟಿನಂತೆ ಇನ್ನೊಂದು ಇರಲಿಲ್ಲ. ಆದರೆ ಗುಳದ ಮೇಲೆ ಬಿದ್ದ ಗುರುತುಗಳು ಬೆರಳಗಲಕ್ಕೊಂದರಂತೆ, ಕೂರಿಗೆ ಸಾಲಿನ ಹಾಗೆ ನೇರವಾಗಿದ್ದವು.

ಅದು ನನ್ನನ್ನು ಕಲಕಿತು. ‘ಪಾದ ಇಲ್ಲೇ ಇರಲಿ, ಮೊಣಕೈ ಇಷ್ಟೇ ಬಾಗಲಿ, ನೂರು ಸಲ ಹೀಗೇ ಮಾಡು’ ಎಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಆ ಮಾತಿಗೆ ಒಂದಿಷ್ಟೂ ಬಗ್ಗದ ತೋಳೊಂದು ನನ್ನ ಕಣ್ಣೆದುರಿಗೇ ಕೂದಲೆಳೆ ತಪ್ಪದೆ ಕೆಲಸ ಮಾಡುತ್ತಿತ್ತು. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರೂ ಸುತ್ತಿಗೆಯನ್ನೇ ನೋಡುತ್ತ ಕೂತಿದ್ದರು ಎಂದು ನನಗೆ ಗೊತ್ತಾಗಿದ್ದು ಆಮೇಲೆ.

ಮಾಸ್ಕೋದ ಸುತ್ತಿಗೆ

1922ರ ಮಾಸ್ಕೋ. ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧಗಳಲ್ಲಿ ನಲುಗಿದ ದೇಶಕ್ಕೆ ಕಾರ್ಖಾನೆಗಳು ಮತ್ತೆ ಓಡಬೇಕಿತ್ತು. ಹಳ್ಳಿಗಳಿಂದ ಬಂದವರಿಗೆ ಬೇಗ ಕಸುಬು ಕಲಿಸಬೇಕಿತ್ತು. ಅದಕ್ಕೆಂದೇ ಅಲ್ಲಿ ಕೇಂದ್ರ ಶ್ರಮ ಸಂಸ್ಥೆ ಹುಟ್ಟಿಕೊಂಡಿತ್ತು. ಅದರ ಮುಖ್ಯಸ್ಥ ಅಲೆಕ್ಸಿ ಗಾಸ್ತೆವ್ ಲೋಹದ ಕೆಲಸ ಮಾಡಿ ಬೆಳೆದವನು, ಕವಿಯೂ ಹೌದು. ಅಮೆರಿಕದ ಫ್ರೆಡರಿಕ್ ಟೇಲರ್ ಕಾರ್ಖಾನೆಯ ಕೆಲಸವನ್ನು ತುಂಡು ತುಂಡಾಗಿ ಅಳೆದಂತೆ ಮನುಷ್ಯನ ಚಲನೆಯನ್ನೂ ಅಳೆಯಬಹುದು, ಇರುವುದರಲ್ಲಿ ಸರಿಯಾದ ಒಂದು ಏಟನ್ನು ಆರಿಸಿ ಎಲ್ಲರಿಗೂ ಅದನ್ನೇ ಅಚ್ಚು ಹಾಕಬಹುದು ಎಂಬುದು ಆತನ ಗಟ್ಟಿ ನಂಬಿಕೆ.

ಆ ಅಳತೆಯ ಕೆಲಸಕ್ಕೆ ಬಂದವನು ನಿಕೊಲಾಯ್ ಬರ್ನ್‌ಸ್ಟೈನ್. 1896ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ, ಸೇನೆಯಲ್ಲಿ ವೈದ್ಯನಾಗಿ ದುಡಿದು ಬಂದ ತರುಣ. ಚಲನೆಯನ್ನು ಚಿತ್ರದಲ್ಲಿ ಹಿಡಿಯುವ ವಿದ್ಯೆ ಅವನಿಗಿಂತ ಹಳೆಯದು. ಫ್ರಾನ್ಸಿನ ಎಟಿಯೆನ್ ಜೂಲ್ಸ್ ಮರೇ 1880ರ ದಶಕದಲ್ಲೇ ನಡೆಯುವ ಮನುಷ್ಯನನ್ನೂ ಹಾರುವ ಹಕ್ಕಿಯನ್ನೂ ಒಂದೇ ಫಲಕದ ಮೇಲೆ ಹಂತ ಹಂತವಾಗಿ ಮೂಡಿಸಿದ್ದ. ಅಮೆರಿಕದ ಗಿಲ್‌ಬ್ರೆತ್ ದಂಪತಿ ಕೆಲಸಗಾರರ ಕೈಗೆ ಸಣ್ಣ ದೀಪ ಕಟ್ಟಿ ಅದರ ಜಾಡು ತೆಗೆದಿದ್ದರು. ಬರ್ನ್‌ಸ್ಟೈನ್ ಆ ಉಪಾಯವನ್ನು ಸೂಕ್ಷ್ಮವಾಗಿ ಬೆಳೆಸಿದ. ಕೆಲಸಗಾರನ ಭುಜ, ಮೊಣಕೈ, ಮಣಿಕಟ್ಟು, ಸುತ್ತಿಗೆ, ಎಲ್ಲಕ್ಕೂ ಪುಟ್ಟ ಬಲ್ಬು. ಕ್ಯಾಮೆರಾದ ಮುಂದೆ ಕಂಡಿ ಕೊರೆದ ತಿರುಗುವ ತಟ್ಟೆ. ತಟ್ಟೆ ತಿರುಗಿದಂತೆ ಬೆಳಕು ಕಡಿದು ಕಡಿದು ಒಳಗೆ ಬರುತ್ತದೆ, ಚಿತ್ರದಲ್ಲಿ ಒಂದೊಂದು ಕೀಲೂ ಚುಕ್ಕಿಗಳ ಸಾಲಾಗಿ ಮೂಡುತ್ತದೆ. ಚುಕ್ಕಿಗಳ ನಡುವಿನ ಅಂತರ ಅಳೆದರೆ ವೇಗ, ವೇಗದ ಏರಿಳಿತ ಅಳೆದರೆ ಬಲ.

ಚಿತ್ರದಲ್ಲಿ ಕಂಡದ್ದು ಗಾಸ್ತೆವ್‌ನ ನಂಬಿಕೆಗೆ ಹೊಂದುವಂತಿರಲಿಲ್ಲ. ಅದೇ ಏಟನ್ನು ದಿನಕ್ಕೆ ನೂರಾರು ಸಲ ಹಾಕುವ ಪಳಗಿದ ಕೆಲಸಗಾರರ ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚು ಕಡಿಮೆ ಅದೇ ಜಾಗಕ್ಕೆ ಬರುತ್ತಿತ್ತು. ಆದರೆ ತೋಳಿನ ಕೀಲುಗಳ ಜಾಡು ಪ್ರತಿ ಏಟಿಗೂ ಬೇರೆ. ಕೀಲುಗಳೇ ನರಕ್ಕೆ, ಸ್ನಾಯುವಿಗೆ ಹತ್ತಿರ. ಸುತ್ತಿಗೆ ಬರೀ ಮರ, ಕಬ್ಬಿಣ. ಮೆದುಳು ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ಕಳಿಸುವುದಾದರೆ ಕೀಲುಗಳೇ ಸ್ಥಿರವಾಗಿರಬೇಕು, ದೂರದ ತುದಿಯಲ್ಲಿ ತಪ್ಪು ಬೆಳೆಯಬೇಕು. ಇಲ್ಲಿ ಎಲ್ಲವೂ ತಿರುಗುಮುರುಗು. ಭುಜ ತುಸು ತಪ್ಪಿದರೆ ಮೊಣಕೈ ಅದನ್ನು ಸರಿದೂಗಿಸುತ್ತಿತ್ತು, ಮೊಣಕೈ ತಪ್ಪಿದರೆ ಮಣಿಕಟ್ಟು. ದೊಡ್ಡಬೆಳವಂಗಲದ ಆ ಗುಳದ ಮೇಲಿನ ಸಾಲೂ ಇದೇ ಲೆಕ್ಕ.

ಬೇಕಾದ್ದಕ್ಕಿಂತ ಹೆಚ್ಚು ಕೀಲು

ಈಗಲೇ ನೀವೂ ಒಂದು ಪರೀಕ್ಷೆ ಮಾಡಬಹುದು. ಮೇಜಿನ ಮೇಲೆ ಅಂಗೈ ಊರಿ, ಭುಜವನ್ನೂ ಅಂಗೈಯನ್ನೂ ಅಲುಗಿಸದೆ ಮೊಣಕೈಯನ್ನು ಮಾತ್ರ ಮೇಲೆ ಕೆಳಗೆ ತಿರುಗಿಸಿ ನೋಡಿ. ತಿರುಗುತ್ತದೆ. ಭುಜ ಮೂರು ಬಗೆಯಲ್ಲಿ ಆಡುತ್ತದೆ, ಮೊಣಕೈ ಒಂದು, ಮುಂಗೈಯ ತಿರುಚು ಒಂದು, ಮಣಿಕಟ್ಟು ಎರಡು. ಒಟ್ಟು 7. ಕೈಯನ್ನು ಬೇಕಾದ ಜಾಗದಲ್ಲಿ, ಬೇಕಾದ ದಿಕ್ಕಿಗೆ ಇಡಲು 6 ಸಾಕು. ಹೆಚ್ಚಿಗೆ ಇರುವ ಆ ಒಂದರಿಂದಾಗಿ ಒಂದೇ ಜಾಗ ಮುಟ್ಟಲು ಲೆಕ್ಕವಿಲ್ಲದಷ್ಟು ದಾರಿಗಳು ತೆರೆದುಕೊಳ್ಳುತ್ತವೆ. ಬೆನ್ನು, ಸೊಂಟ, ಕಾಲು ಸೇರಿದರೆ ಕೇಳುವುದೇ ಬೇಡ. ಇಷ್ಟೊಂದನ್ನು ಮೆದುಳು ಹೇಗೆ ಹತೋಟಿಗೆ ತರುತ್ತದೆ ಎಂಬ ಪ್ರಶ್ನೆಗೆ ಇಂದಿಗೂ ಬರ್ನ್‌ಸ್ಟೈನ್‌ನ ಹೆಸರೇ ಇದೆ.

ಸ್ನಾಯುವಿನ ಸ್ವಭಾವ ಈ ತೊಡಕನ್ನು ಇನ್ನೂ ಹೆಚ್ಚಿಸುತ್ತದೆ. ಅದಕ್ಕೆ ಬರುವುದು ಎಳೆಯುವ ಕೆಲಸ ಒಂದೇ. ನಾವು ಗಾಡಿ ತಳ್ಳುವಾಗಲೂ ಒಳಗೆ ಯಾವುದೋ ಸ್ನಾಯು ಮೂಳೆಯನ್ನು ಎಳೆಯುತ್ತಿರುತ್ತದೆ. ಎರಡು ಬಗೆಯ ಸೂಕ್ಷ್ಮ ಎಳೆಗಳು ಒಂದರ ಪಕ್ಕ ಒಂದು ಜಾರಿ ಸ್ನಾಯು ಗಿಡ್ಡವಾಗುತ್ತದೆ ಎಂದು 1954ರಲ್ಲಿ ಆಂಡ್ರ್ಯೂ ಹಕ್ಸ್‌ಲಿ, ರೋಲ್ಫ್ ನೀಡರ್‌ಗೆರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ, ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ಬೇರೆ ಬೇರೆಯಾಗಿಯೇ ಕಂಡುಕೊಂಡರು. ಅದಕ್ಕೂ ಮೊದಲು, 1938ರಲ್ಲಿ, ಇಂಗ್ಲೆಂಡಿನ ಎ.ವಿ. ಹಿಲ್ ಕಪ್ಪೆಯ ಸ್ನಾಯುವನ್ನು ಅಳೆದು, ಅದು ವೇಗವಾಗಿ ಕುಗ್ಗಿದಷ್ಟೂ ಕೊಡುವ ಬಲ ಕಡಿಮೆ ಎಂದು ತೋರಿಸಿದ್ದರು. ಅಂದರೆ ನರದಲ್ಲಿ ಬರುವ ಆಜ್ಞೆ ಒಂದೇ ಆದರೂ ಫಲ ಒಂದೇ ಇರುವುದಿಲ್ಲ. ಸ್ನಾಯು ಆಗ ಎಷ್ಟು ಉದ್ದವಿತ್ತು, ಎಷ್ಟು ವೇಗದಲ್ಲಿತ್ತು, ತೋಳು ಯಾವ ಕಡೆ ಬೀಸುತ್ತಿತ್ತು, ಇವೆಲ್ಲ ಸೇರಿ ಫಲವನ್ನು ತೀರ್ಮಾನಿಸುತ್ತವೆ.

ಬರ್ನ್‌ಸ್ಟೈನ್ ಕೆಲಸ ಮಾಡುತ್ತಿದ್ದದ್ದು ಪಾವ್ಲೋವ್‌ನ ನಾಯಿಯ ಕಾಲದಲ್ಲಿ. ಗಂಟೆ ಬಾರಿಸಿದರೆ ಜೊಲ್ಲು. ಮತ್ತೆ ಮತ್ತೆ ಮಾಡಿದರೆ ಮೆದುಳಿನಲ್ಲಿ ಕಾಲುದಾರಿ ಸವೆದಂತೆ ಹಾದಿಯೊಂದು ಬೀಳುತ್ತದೆ, ಅಭ್ಯಾಸವೆಂದರೆ ಅಷ್ಟೇ ಎಂದು ಎಲ್ಲರೂ ನಂಬಿದ್ದರು. ಬರ್ನ್‌ಸ್ಟೈನ್ ಒಪ್ಪಲಿಲ್ಲ. ಮೆದುಳು ಕಳಿಸಿದ್ದಷ್ಟೇ ಸಾಲದು, ಕೈಯಿಂದ ಸುದ್ದಿ ಮರಳಿ ಬರಬೇಕು, ಬಂದದ್ದನ್ನು ಬೇಕಾದದ್ದರ ಜೊತೆ ತಾಳೆ ನೋಡಿ ತಿದ್ದಬೇಕು ಎಂದ. ಆಜ್ಞೆಯ ದಾರಿ ನೇರ ಗೆರೆಯಂತಿರದೆ ಬಳೆಯಂತಿದೆ ಎಂದು ಆತ 1935ರ ಹೊತ್ತಿಗೇ ಬರೆದ. ಇಂಥದೇ ಬಳೆಯ ಮಾತಾಡುವ ನಾರ್ಬರ್ಟ್ ವೀನರ್‌ನ ‘ಸೈಬರ್ನೆಟಿಕ್ಸ್’ ಬಂದದ್ದು ಅದಾದ ಮೇಲೆ, 1948ರಲ್ಲಿ. ಬರ್ನ್‌ಸ್ಟೈನ್‌ನ ಮಾತಿನ ಸಾರ ಇಷ್ಟು: ಅಭ್ಯಾಸ ಮಾಡುವವನು ಉತ್ತರವನ್ನು ಉರು ಹೊಡೆಯುವುದಿಲ್ಲ, ಅದೇ ಲೆಕ್ಕವನ್ನು ಪ್ರತಿ ಸಲ ಹೊಸದಾಗಿ ಬಿಡಿಸುತ್ತಾನೆ. ಬಿಡಿಸುವ ಬಗೆ ಕೈಗೆ ಹತ್ತುತ್ತ ಹೋಗುತ್ತದೆ.

ಕಲಿಕೆಯ ಮೆಟ್ಟಿಲುಗಳೂ ಆತನಿಗೆ ಕಂಡವು. ಹೊಸಬ ಮೊದಲು ಕೀಲುಗಳನ್ನು ಬಿಗಿಹಿಡಿಯುತ್ತಾನೆ, ಏಕೆಂದರೆ ಆಡುವ ಕೀಲು ಕಡಿಮೆಯಾದಷ್ಟೂ ನಿಭಾಯಿಸುವುದು ಸುಲಭ. ಆಮೇಲೆ ಒಂದೊಂದಾಗಿ ಸಡಿಲ ಬಿಡುತ್ತಾನೆ. ಕೊನೆಗೆ ಸುತ್ತಿಗೆಯ ತೂಕ, ಬೀಳುವ ಓಟ, ಬಡಿದಾಗಿನ ಪುಟಿತ ಎಲ್ಲವನ್ನೂ ತನ್ನ ಕೆಲಸಕ್ಕೆ ಹಚ್ಚಿಕೊಳ್ಳುತ್ತಾನೆ. ಇದನ್ನು ಮೊದಲು ಓದಿದ ರಾತ್ರಿ ಕುಲುಮೆಯ ಹುಡುಗನ ಬಿಗಿದ ಭುಜ ನನ್ನ ಕಣ್ಣಿಗೆ ಕಟ್ಟಿತು. ಕೈ ಸಡ್ಲ ಬುಡು ಎಂಬುದು ಎರಡನೆಯ ಮೆಟ್ಟಿಲು. ಸಮ್ಟಿಗೆ ತಾನೇ ಬೀಳ್ತೈತೆ ಎಂಬುದು ಮೂರನೆಯದು.

ಈ ಅರಿವಿಗೆ ಬರ್ನ್‌ಸ್ಟೈನ್ ದೊಡ್ಡ ಬೆಲೆ ತೆತ್ತ. 1947ರಲ್ಲಿ ಬಂದ ಆತನ ಪುಸ್ತಕಕ್ಕೆ ಮರುವರ್ಷ ಸ್ಟಾಲಿನ್ ಪ್ರಶಸ್ತಿಯೇನೋ ಬಂತು. ಆದರೆ ಸ್ವಲ್ಪ ದಿನಕ್ಕೇ ಪಾವ್ಲೋವ್ ವಿರೋಧಿ ಎಂಬ ಆರೋಪ ಹೊರಿಸಿ ಪ್ರಯೋಗಾಲಯವನ್ನು ಕಿತ್ತುಕೊಂಡರು. ಚುರುಕುತನ ಹೇಗೆ ಬೆಳೆಯುತ್ತದೆ ಎಂದು ಸಾಮಾನ್ಯ ಓದುಗರಿಗಾಗಿ ಬರೆದಿದ್ದ ಪುಸ್ತಕ ಅಚ್ಚಿನ ಹೊಸ್ತಿಲಲ್ಲೇ ನಿಂತುಹೋಯಿತು, ಬೆಳಕು ಕಂಡದ್ದು 1991ರಲ್ಲಿ. ಬರ್ನ್‌ಸ್ಟೈನ್ ತೀರಿಕೊಂಡದ್ದು 1966ರಲ್ಲಿ. ಹೊರಜಗತ್ತು ಆತನನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಓದಿದ್ದು ಮರುವರ್ಷ.

ಮೈಸೂರಿನ ತೋಳು

ಅದೇ ಕಾಲಕ್ಕೆ ನಮ್ಮ ನಾಡಿನ ತೋಳೊಂದು ಬರ್ನ್‌ಸ್ಟೈನ್‌ನ ಮಾತಿಗೆ ಮೈದಾನದಲ್ಲಿ ಸಾಕ್ಷಿ ನುಡಿಯುತ್ತಿತ್ತು. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರಿಗೆ ಎಳೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತು. ಬೌಂಡರಿಯಿಂದ ಚೆಂಡು ಎಸೆಯಲು ಅವರು ಎಡಗೈ ಬಳಸುತ್ತಿದ್ದರು. ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಲ್ಲೇ. ಪುಸ್ತಕದಲ್ಲಿ ಬರೆದ ಸ್ಪಿನ್ ಬೌಲರನ ಅಚ್ಚಿಗೆ ಆ ತೋಳನ್ನು ಹೊಂದಿಸಲು ಹೊರಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ತಮ್ಮ ತೋಳಿಗೆ ಹೊಂದುವ ಬೇರೆಯೇ ಉತ್ತರ ಕಂಡುಕೊಂಡರು. ಉದ್ದನೆಯ ಓಟ, ಮೈಯ ಬೀಸು, ಭುಜ ತಿರುಗಿ ಆ ತೆಳು ತೋಳು ಬಾರುಕೋಲಿನಂತೆ ಚಿಮ್ಮುವುದು, ಕೊನೆಗೆ ಮಣಿಕಟ್ಟಿನ ತಿರುಚು.

ಬಾರುಕೋಲು ಎಂದದ್ದು ಬರೀ ಅಂದಕ್ಕಲ್ಲ. ಎಸೆತದ ಕಸುವು ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ ಸರದಿಯಂತೆ ಹರಿಯುತ್ತದೆ. ಹಿಂದಿನದು ನಿಧಾನವಾದಾಗ ಮುಂದಿನದು ವೇಗ ಪಡೆಯುತ್ತದೆ. ಕೀಲು ಬಿಗಿದರೆ ಈ ಹರಿವು ಕಡಿದುಹೋಗುತ್ತದೆ.

1971ರ ಆಗಸ್ಟ್ 23ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ 101 ಓಟಕ್ಕೆ ಕುಸಿಯಿತು, ಚಂದ್ರಶೇಖರ್ 38 ಓಟ ಕೊಟ್ಟು 6 ವಿಕೆಟ್ ತೆಗೆದಿದ್ದರು. ಮರುದಿನ ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಸಲ ಟೆಸ್ಟ್ ಗೆದ್ದಿತು, ಸರಣಿಯನ್ನೂ ಗೆದ್ದಿತು. ಇಂಗ್ಲೆಂಡ್ ಕುಸಿದ ದಿನ ಜಾನ್ ಎಡ್ರಿಚ್‌ಗೆ ಗೂಗ್ಲಿ ಹಾಕಲು ಹೊರಟಿದ್ದ ಚಂದ್ರಶೇಖರ್, ದಿಲೀಪ್ ಸರ್ದೇಸಾಯಿ ಕೂಗಿ ಹೇಳಿದ ಮೇಲೆ ಮನಸ್ಸು ಬದಲಿಸಿ ವೇಗದ ಎಸೆತ ಹಾಕಿ ಬೌಲ್ಡ್ ಮಾಡಿದ ಕತೆ ಕ್ರಿಕೆಟ್ ಪ್ರಿಯರಿಗೆಲ್ಲ ಗೊತ್ತು. ಒಂದೇ ಅಚ್ಚಿನಲ್ಲಿ ಪಳಗಿದ ತೋಳಿಗೆ ಅಂಥ ಬದಲಾವಣೆ ಆಗದ ಮಾತು. 58 ಟೆಸ್ಟುಗಳಲ್ಲಿ ಅವರು ಪಡೆದ ವಿಕೆಟ್ 242.

ಮೂರು ಅಡಿಯ ಪಾಠ

ಅಭ್ಯಾಸದ ವಿಧಾನಕ್ಕೆ ಇದರಿಂದ ಬರುವ ಪಾಠವನ್ನು 1978ರಲ್ಲಿ ರಾಬರ್ಟ್ ಕೆರ್ ಮತ್ತು ಬರ್ನಾರ್ಡ್ ಬೂತ್ ಸರಳವಾಗಿ ತೋರಿಸಿದರು. ಎಂಟು ವರ್ಷದ ಮಕ್ಕಳಿಗೆ ಕಾಳು ತುಂಬಿದ ಪುಟ್ಟ ಚೀಲ ಎಸೆಯುವ ಆಟ. ಒಂದು ಗುಂಪು 3 ಅಡಿ ದೂರದಿಂದ ಮಾತ್ರ ಅಭ್ಯಾಸ ಮಾಡಿತು. ಇನ್ನೊಂದು ಗುಂಪು 2 ಅಡಿಯಿಂದ ಮತ್ತು 4 ಅಡಿಯಿಂದ ಎಸೆಯಿತು, 3 ಅಡಿಯಿಂದ ಒಮ್ಮೆಯೂ ಇಲ್ಲ. ಕೊನೆಗೆ ಪರೀಕ್ಷೆ ನಡೆದದ್ದು 3 ಅಡಿಯಿಂದ. ಗೆದ್ದವರು ಆ ದೂರವನ್ನು ಒಮ್ಮೆಯೂ ಅಭ್ಯಾಸ ಮಾಡದ ಮಕ್ಕಳು. ಇಪ್ಪತ್ತು ವರ್ಷದ ನಂತರ ಜರ್ಮನಿಯ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಸ್ಕೀ ಆಟದ ಯಂತ್ರದ ಮೇಲೆ ಕಲಿಯುವವರನ್ನು ಗಮನಿಸಿದರು. ತಮ್ಮ ಪಾದದ ಮೇಲೆ ಗಮನ ಇಟ್ಟವರಿಗಿಂತ ಕಾಲ ಕೆಳಗಿನ ಚಕ್ರಗಳ ಮೇಲೆ ಗಮನ ಇಟ್ಟವರು ಚೆನ್ನಾಗಿ ಕಲಿತರು. ನೋಟ ಮೈಯಿಂದ ಆಚೆಗೆ, ಆಗಬೇಕಾದ ಕೆಲಸದ ಕಡೆಗೆ ಹೋದರೆ ಕೀಲುಗಳು ತಮ್ಮ ಹೊಂದಾಣಿಕೆಯನ್ನು ತಾವೇ ಮಾಡಿಕೊಳ್ಳುತ್ತವೆ.

ಇದನ್ನೆಲ್ಲ ತಿಳಿದ ಮೇಲೆ ನಾನು ಕಲಿಸುವ ರೀತಿಯೂ ಬದಲಾಯಿತು. ಮೊದಲೆಲ್ಲ ಸುಣ್ಣದಲ್ಲಿ ಎರಡು ಪಾದದ ಗುರುತು ಬರೆದು, ಅದರ ಮೇಲೇ ನಿಲ್ಲು ಎನ್ನುತ್ತಿದ್ದೆ. ಉದ್ದ ಕೈಯ ಹುಡುಗಿಗೂ ಗಿಡ್ಡ ಕಾಲಿನ ಹುಡುಗನಿಗೂ ಒಂದೇ ಗುರುತು. ಎಷ್ಟು ಮಕ್ಕಳು ತಮ್ಮದಲ್ಲದ ಮೈಯನ್ನು ಹೊತ್ತು ಎಸೆದರೋ, ಬೇಸತ್ತು ಆಟವನ್ನೇ ಬಿಟ್ಟರೋ, ನೆನೆದರೆ ಸಂಕಟವಾಗುತ್ತದೆ. ಈಗ ಕೊಯ್ಲಾದ ಹೊಲದಲ್ಲಿ ಮಕ್ಕಳು ಗೋಡೆಗೆ ಚೆಂಡು ಹೊಡೆಯಲು ಬಂದರೆ, ಕೂಳೆಯ ಮೇಲೆ, ಬದುವಿನ ಮೇಲೆ, ಇಳಿಜಾರಿನಲ್ಲಿ, ಓಡುತ್ತ, ಹೇಗೆ ಬೇಕೋ ಹಾಗೆ ಎಸೆಯಲು ಬಿಡುತ್ತೇನೆ. ಭುಜ ಬಿಗಿದದ್ದು ಕಂಡರೆ ಆಚಾರ್ರ ಮಾತನ್ನೇ ಹೇಳುತ್ತೇನೆ. ಡಬ್ಬಿಯಲ್ಲಿರುವ ಸುಣ್ಣ ಈಗ ಗೋಡೆಯ ಮೇಲೆ ಒಂದು ವೃತ್ತ ಬರೆಯಲು ಮಾತ್ರ.